ಗೆಳೆಯರು ನೋಡಿದ ಮೇಲೆ: ನಿಮ್ಮ ವೆಬ್ ಪುಟವನ್ನು ಹಂತ ಹಂತವಾಗಿ ತಿದ್ದುವ ಬಗೆ

ತರಗತಿಯ ಪ್ರಾಜೆಕ್ಟಿಗಾಗಿ ಒಂದು ವೆಬ್ ಪುಟ ಮಾಡಿದ್ದೀರಿ. ನಾಲ್ಕಾರು ಬಣ್ಣ, ಎರಡು ಮೂರು ಫಾಂಟು ಹಾಕಿ ತೆಗೆದು ನೋಡಿದ್ದೀರಿ. ಲ್ಯಾಬಿನಲ್ಲಿ ಅಕ್ಕಪಕ್ಕದವರಿಗೆ ತೋರಿಸಿದ್ದೂ ಆಯಿತು. ಒಬ್ಬಳು ‘ಸೂಪರ್’ ಅಂದಳು, ಇನ್ನೊಬ್ಬ ‘ಕಲರ್ ಯಾಕೋ ಸರಿ ಇಲ್ಲ ಕಣೋ’ ಅಂದ, ಮತ್ತೊಬ್ಬ ತನ್ನ ಫೋನಿನಲ್ಲಿ ತೆರೆದು ಸ್ವಲ್ಪ ಹೊತ್ತು ಕಾದು ಏನೂ ಹೇಳದೆ ಎದ್ದುಹೋದ. ಈಗ ತಿದ್ದುವ ಸರದಿ.

ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಹೇಳಿದ್ದನ್ನೆಲ್ಲ ಪಟ್ಟಿ ಮಾಡಿ ಚಾಚೂ ತಪ್ಪದೆ ಪಾಲಿಸುತ್ತಾರೆ. ಪುಟ ಯಾರದ್ದೂ ಅಲ್ಲದ ಕಲಸುಮೇಲೋಗರ ಆಗುತ್ತದೆ. ಇನ್ನು ಕೆಲವರು ‘ಅವರಿಗೇನು ಗೊತ್ತು’ ಎಂದು ಬಣ್ಣವೊಂದನ್ನು ಬದಲಿಸಿ ಸಲ್ಲಿಸಿಬಿಡುತ್ತಾರೆ. ಎರಡೂ ಬೇಡ. ನೋಡಿದವರಿಗೆ ಎಲ್ಲಿ ತೊಡಕಾಯಿತು ಎಂಬುದನ್ನು ಪೂರ್ತಿ ನಂಬಿ. ಅದಕ್ಕೆ ಅವರೇ ಸೂಚಿಸಿದ ಪರಿಹಾರವನ್ನು ಮಾತ್ರ ಪರೀಕ್ಷಿಸಿ ಒಪ್ಪಿಕೊಳ್ಳಿ. ಟೇಲರ್ ಹತ್ತಿರ ಟ್ರಯಲ್‌ಗೆ ಹೋದವರು ‘ಕಂಕುಳಲ್ಲಿ ಹಿಡಿಯುತ್ತೆ, ತೋಳು ದೊಡ್ಡದು ಮಾಡಿ’ ಎನ್ನುತ್ತಾರೆ. ಹಿಡಿಯುವುದು ನಿಜ. ಆದರೆ ಬಿಚ್ಚಬೇಕಾದ ಹೊಲಿಗೆ ತೋಳಿನದೋ ಭುಜದ್ದೋ ಎನ್ನುವುದು ಟೇಲರಿಗೆ ಬಿಟ್ಟದ್ದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಹೆಸರು ‘ಬಾದಾಮಿಗೆ ಒಂದು ದಿನ’. ಕಾಲೇಜಿನಿಂದ ಪ್ರವಾಸ ಹೊರಟವರಿಗೆ, ಮೊದಲ ಸಲ ಹೋಗುವ ಕುಟುಂಬದವರಿಗೆ ನೆರವಾಗಲಿ ಎಂದು ಮಾಡಿದ್ದು. ಮೊದಲ ಆವೃತ್ತಿ ಹೀಗಿದೆ: ತೆರೆದ ಕೂಡಲೇ ತಾನಾಗಿ ಸರಿಯುವ ಎಂಟು ಫೋಟೋ, ಜೊತೆಗೆ ಕೊಳಲಿನ ಸಂಗೀತ. ಹಿನ್ನೆಲೆಗೆ ಬಾದಾಮಿಯ ಬಂಡೆಯದೇ ಕೆಂಗಂದು ಬಣ್ಣ, ಅದರ ಮೇಲೆ ಕೇಸರಿ ಅಕ್ಷರ. ಕೆಳಗೆ ಚಾಲುಕ್ಯರ ಇತಿಹಾಸದ ನಾಲ್ಕು ಉದ್ದದ ಪ್ಯಾರಾ. ಹೋಗುವುದು ಹೇಗೆ ಎಂಬುದು ಎಲ್ಲಕ್ಕಿಂತ ಕೊನೆಗೆ. ಇಂಥ ಪುಟ ನೀವು ನೋಡಿಯೇ ಇರುತ್ತೀರಿ. ಎಚ್‌ಟಿಎಂಎಲ್, ಸಿಎಸ್‌ಎಸ್‌ಗಳ ಪ್ರಾಥಮಿಕ ಪರಿಚಯ, ಒಂದು ಬ್ರೌಸರು, ಒಂದು ಫೋನು ಇದ್ದರೆ ಮುಂದಿನ ಹಂತಗಳಿಗೆ ಸಾಕು.

ಹಂತ 1: ಹಳೆಯದನ್ನು ಹಾಗೆಯೇ ಎತ್ತಿಡಿ

ಪುಟದ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿ, ಹೆಸರಿನಲ್ಲಿ ದಿನಾಂಕ ಸೇರಿಸಿ ಇಡಿ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂದು ಹೆಸರಿಟ್ಟರೆ ವಾರದ ನಂತರ ಯಾವುದು ಯಾವುದೆಂದು ದೇವರಿಗೂ ತಿಳಿಯದು. ಗಿಟ್ ಬಲ್ಲವರು ಒಂದು ಕಮಿಟ್ ಮಾಡಿದರೆ ಆಯಿತು. ಲ್ಯಾಪ್‌ಟಾಪಿನಲ್ಲೊಂದು, ಫೋನಿನಲ್ಲೊಂದು ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ. ತಿದ್ದಿದ್ದು ಸುಧಾರಣೆಯೋ ಬರೀ ಬದಲಾವಣೆಯೋ ಎಂದು ಕೊನೆಗೆ ಅಕ್ಕಪಕ್ಕ ಇಟ್ಟು ನೋಡಲು ಅವು ಬೇಕಾಗುತ್ತವೆ.

ಹಂತ 2: ಬಂದ ಮಾತುಗಳನ್ನು ಮೂರು ಅಂಕಣಕ್ಕೆ ಹಂಚಿ

ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ನಡೆದದ್ದು, ಅನಿಸಿದ್ದು, ಸಲಹೆ. ಗೆಳೆಯರ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳಿ. ನಿಮ್ಮ ಭಾಷೆಗೆ ತಿರುಗಿಸಿದರೆ ಅರ್ಧ ಅರ್ಥ ಅಲ್ಲೇ ಸೋರಿಹೋಗುತ್ತದೆ.

‘ಐಹೊಳೆಗೆ ಬಸ್ ಇದೆಯಾ ಅಂತ ಹುಡುಕಿದೆ, ಸಿಗಲಿಲ್ಲ’ – ಇದು ನಡೆದದ್ದು. ‘ಪುಟ ಒಂಥರಾ ಭಾರ ಅನ್ಸುತ್ತೆ’ – ಇದು ಅನಿಸಿದ್ದು. ‘ಹಿನ್ನೆಲೆ ನೀಲಿ ಮಾಡು’ – ಇದು ಸಲಹೆ. ಮೂರಕ್ಕೂ ಒಂದೇ ತೂಕ ಇಲ್ಲ. ಮೊದಲನೆಯದರ ಮೇಲೆ ಚರ್ಚೆಯೇ ಬೇಡ. ಹುಡುಕಿದವಳಿಗೆ ಸಿಗಲಿಲ್ಲ, ಅಷ್ಟೆ. ‘ಕೊನೆಯಲ್ಲಿ ಇತ್ತಲ್ಲ, ನೀನು ನೋಡಲಿಲ್ಲ’ ಎಂದು ವಾದಿಸಬೇಡಿ. ಪ್ರವಾಸಕ್ಕೆ ಹೊರಟವರ ಪಕ್ಕದಲ್ಲಿ ಕುಳಿತು ಹಾಗೆ ಹೇಳಲು ನೀವಿರುವುದಿಲ್ಲ. ಎರಡನೆಯದಕ್ಕೆ ‘ಯಾವ ಜಾಗದಲ್ಲಿ ಹಾಗನ್ನಿಸಿತು?’ ಎಂಬ ಮರುಪ್ರಶ್ನೆ ಬೇಕು. ಮೂರನೆಯದಕ್ಕೆ ‘ನೀಲಿ ಏಕೆ?’ ಎಂದು ಕೇಳಿ. ‘ಅಕ್ಷರ ಕಾಣಿಸ್ತಿಲ್ಲ ಅದಕ್ಕೆ’ ಎಂಬ ಉತ್ತರ ಬಂದರೆ, ಸಲಹೆಯ ಹಿಂದೆ ಅಡಗಿದ್ದ ತೊಡಕು ಹೊರಬಂತು. ನೀಲಿ ಬಣ್ಣವನ್ನು ಅಲ್ಲೇ ಬಿಟ್ಟು, ಕಾಣಿಸದ ಅಕ್ಷರವನ್ನು ಮೊದಲ ಅಂಕಣಕ್ಕೆ ಬರೆದುಕೊಳ್ಳಿ.

ಎಲ್ಲರೂ ‘ಚೆನ್ನಾಗಿದೆ’ ಎಂದಷ್ಟೇ ಹೇಳಿದ್ದರೆ? ಹಾಗಾದರೆ ನಿಮಗೆ ಸಿಕ್ಕಿರುವುದು ಸ್ನೇಹ, ಪ್ರತಿಕ್ರಿಯೆ ಇನ್ನೂ ಬಂದಿಲ್ಲ. ‘ಹೇಗಿದೆ?’ ಎಂದು ಕೇಳಿದರೆ ನಮ್ಮೂರಿನವರು ಚೆನ್ನಾಗಿದೆ ಎಂದೇ ಹೇಳುವುದು, ಅದು ಮರ್ಯಾದೆ. ಅಭಿಪ್ರಾಯ ಕೇಳುವುದನ್ನು ಬಿಟ್ಟು ಒಂದು ಕೆಲಸ ಕೊಡಿ. ‘ಬೆಳಿಗ್ಗೆ ಎಂಟಕ್ಕೆ ಬಾದಾಮಿಯಲ್ಲಿ ಇಳಿದಿದ್ದೀಯ. ಸಂಜೆಯೊಳಗೆ ಪಟ್ಟದಕಲ್ಲು, ಐಹೊಳೆ ನೋಡಬೇಕು. ಊಟ ಎಲ್ಲಿ ಮಾಡ್ತೀಯ? ಈ ಪುಟ ನೋಡಿ ಹೇಳು.’ ಫೋನು ಅವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನೋಡಿ. ಬೆರಳು ಎಲ್ಲಿ ತಡೆಯಿತು, ಎಲ್ಲಿ ಹಿಂದಕ್ಕೆ ಹೋಯಿತು, ಯಾವುದನ್ನು ಬಟನ್ ಎಂದು ತಿಳಿದು ಸುಮ್ಮನೆ ಒತ್ತಿದರು – ಎಲ್ಲವನ್ನೂ ಬರೆದುಕೊಳ್ಳಿ. ನಡುವೆ ಸುಳಿವು ಕೊಡಬೇಕೆಂದು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ.

ಎಷ್ಟು ಮಂದಿಗೆ ತೋರಿಸಬೇಕು? ಬಳಕೆದಾರರ ಪರೀಕ್ಷೆಯ ಬಗ್ಗೆ ದಶಕಗಳಿಂದ ಬರೆಯುತ್ತಿರುವ ಯಾಕೋಬ್ ನೀಲ್ಸನ್ 2000ದಲ್ಲಿ ಒಂದು ಲೇಖನದಲ್ಲಿ, ಐದು ಜನ ನೋಡಿದರೆ ಸುಮಾರು ಶೇಕಡಾ 85 ತೊಡಕುಗಳು ಕಾಣಸಿಗುತ್ತವೆ ಎಂದು ಲೆಕ್ಕ ಹಾಕಿದ್ದರು. ಆ ಅಂಕಿಯ ಬಗ್ಗೆ ಆಮೇಲೆ ವಾದವಿವಾದಗಳಾಗಿವೆ. ಆದರೆ ಅದೇ ಲೇಖನದ ಇನ್ನೊಂದು ಮಾತು ನಮಗೆ ಹೆಚ್ಚು ಉಪಯೋಗದ್ದು: ಹದಿನೈದು ಮಂದಿಗೆ ಒಟ್ಟಿಗೆ ತೋರಿಸುವ ಬದಲು ಐವರಿಗೆ ತೋರಿಸಿ ತಿದ್ದಿ, ಮತ್ತೆ ಐವರಿಗೆ ತೋರಿಸಿ ತಿದ್ದಿ, ಮತ್ತೊಮ್ಮೆ ಐವರಿಗೆ ತೋರಿಸಿ. ಅವರಲ್ಲಿ ಒಬ್ಬಿಬ್ಬರಾದರೂ ನಿಮ್ಮ ತರಗತಿಯವರಲ್ಲದಿರಲಿ. ಬಿಸಿಎ ಓದುವವರೆಲ್ಲ ಮೂರು ಗೆರೆಯ ಚಿಹ್ನೆ ಕಂಡರೆ ಅದು ಮೆನು ಎಂದು ಒತ್ತುತ್ತಾರೆ. ನಿಮ್ಮ ಚಿಕ್ಕಮ್ಮ ಒತ್ತುತ್ತಾರೆಯೇ ಎನ್ನುವುದನ್ನು ನೋಡಬೇಕು.

ಹಂತ 3: ಪುಟದ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಮೊದಲ ಸಲ ಬಾದಾಮಿಗೆ ಬರುವವರು ಒಂದು ದಿನದಲ್ಲಿ ಯಾವ ಕ್ರಮದಲ್ಲಿ, ಹೇಗೆ ಹೋಗಿ, ಏನು ನೋಡಬೇಕೆಂದು ಫೋನಿನಲ್ಲೇ ತಿಳಿಯಬೇಕು.’ ಇಷ್ಟು ಸಾಕು. ಇದನ್ನು ಹಾಳೆಯ ತಲೆಯ ಮೇಲೆ ಬರೆದು, ಅಂಕಣಗಳಲ್ಲಿರುವ ಪ್ರತಿ ಮಾತನ್ನೂ ಇದರ ಎದುರು ಹಿಡಿಯಿರಿ. ಈ ಕೆಲಸ ಆಗದಂತೆ ತಡೆಯುವ ತೊಡಕುಗಳು ಮೊದಲು: ಅಕ್ಷರ ಓದಲಾಗುವುದಿಲ್ಲ, ಬಸ್ಸಿನ ವಿಷಯ ಸಿಗುವುದಿಲ್ಲ, ಫೋನಿನಲ್ಲಿ ತೆರೆಯುವುದೇ ಇಲ್ಲ. ಕೆಲಸ ಆಗುತ್ತದೆ ಆದರೆ ತಡವರಿಸಬೇಕು ಎನ್ನುವಂಥವು ಆಮೇಲೆ. ಬರೀ ರುಚಿಯ ಪ್ರಶ್ನೆಗಳು – ಅಂಚು ದುಂಡಗಿರಲಿ, ನೆರಳು ಬೇಕು, ನೀಲಿ ಇರಲಿ – ಕೊನೆಗೆ, ಸಮಯ ಉಳಿದರೆ.

ಒಂದಕ್ಕೊಂದು ವಿರುದ್ಧವಾದ ಮಾತುಗಳು ಬಂದಾಗ ಗಾಬರಿ ಬೇಡ. ‘ಇನ್ನೂ ಫೋಟೋ ಹಾಕು’ ಎಂದು ಒಬ್ಬರು, ‘ಫೋಟೋ ಜಾಸ್ತಿಯಾಯ್ತು’ ಎಂದು ಇನ್ನೊಬ್ಬರು. ಕೇಳಿ ನೋಡಿದರೆ ಮೊದಲನೆಯವರಿಗೆ ಬೇಕಾದದ್ದು ಐಹೊಳೆಯ ಒಂದು ಚಿತ್ರ, ಏಕೆಂದರೆ ಎಂಟೂ ಬಾದಾಮಿಯವೇ. ಎರಡನೆಯವರ ಫೋನಿನಲ್ಲಿ ಪುಟ ತೆರೆಯಲು ಎರಡು ನಿಮಿಷ ಹಿಡಿದಿತ್ತು. ಇಬ್ಬರ ಮಾತೂ ಸರಿ, ಇಬ್ಬರಿಗೂ ಒಂದೇ ತಿದ್ದುಪಡಿ ಸಾಕು: ಬಾದಾಮಿಯದು ಮೂರು ಉಳಿಸಿ, ಪಟ್ಟದಕಲ್ಲು, ಐಹೊಳೆಯದು ಒಂದೊಂದು ಸೇರಿಸಿ, ಐದನ್ನೂ ಹಗುರ ಮಾಡಿ.

ಹಂತ 4: ಬಣ್ಣ ಮುಟ್ಟುವ ಮೊದಲು ಮಾತನ್ನು ಜರುಗಿಸಿ

ಹೊಸಬರು ತಿದ್ದಲು ಕುಳಿತರೆ ಕೈ ನೇರ ಬಣ್ಣಕ್ಕೇ ಹೋಗುತ್ತದೆ. ಹೋಗಬಾರದು. ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಬೇಡವೇ ಬೇಡ ಎಂಬುದು ಮೊದಲು ತೀರ್ಮಾನವಾಗಲಿ. ಸಿಎಸ್‌ಎಸ್ ಫೈಲಿನ ಕೊಂಡಿಯನ್ನು ತಾತ್ಕಾಲಿಕವಾಗಿ ತೆಗೆದು, ಬರೀ ಎಚ್‌ಟಿಎಂಎಲ್ ಅನ್ನು ಬ್ರೌಸರಿನಲ್ಲಿ ನೋಡಿ. ಅಲಂಕಾರವಿಲ್ಲದೆ ಮೇಲಿಂದ ಕೆಳಗೆ ಓದಿದಾಗ ಅರ್ಥವಾಗದ ಪುಟಕ್ಕೆ ಯಾವ ಬಣ್ಣ ಹಚ್ಚಿದರೂ ಅಷ್ಟೆ.

ನಮ್ಮ ಪುಟದ ಮೊದಲ ವಾಕ್ಯ ‘ಬಾದಾಮಿಯು ಕರ್ನಾಟಕದ ಅತ್ಯಂತ ಸುಂದರವಾದ ಐತಿಹಾಸಿಕ ಪ್ರವಾಸಿ ತಾಣಗಳಲ್ಲಿ ಒಂದಾಗಿದೆ’ ಎಂದಿದ್ದರೆ ತೆಗೆದುಹಾಕಿ. ಅದು ಗೊತ್ತಿದ್ದೇ ಅವರು ಪುಟ ತೆರೆದದ್ದು. ಅಲ್ಲಿ ಇರಬೇಕಾದದ್ದು ದಿನದ ನಕ್ಷೆ: ಬೆಳಿಗ್ಗೆ ಬಾದಾಮಿಯ ಗುಹೆಗಳು ಮತ್ತು ಅಗಸ್ತ್ಯ ತೀರ್ಥದ ದಡದ ಭೂತನಾಥ ಗುಡಿ, ಆಮೇಲೆ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲು, ಅಲ್ಲಿಂದ ಮುಂದೆ ಐಹೊಳೆ. ಮಧ್ಯಾಹ್ನದ ಊಟಕ್ಕೆ ಬನಶಂಕರಿ ಸೇರಿಸುವುದಾದರೆ ಅದು ಬಾದಾಮಿಯಿಂದ 5 ಕಿ.ಮೀ. ಆಸುಪಾಸು, ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ತಂದು ಬಡಿಸುವ ಜೋಳದ ರೊಟ್ಟಿ, ಪಲ್ಯ, ಮೊಸರು ಸಿಗುತ್ತದೆ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂಬ ಒಂದು ಸಾಲು, ಇತಿಹಾಸದ ಒಂದು ಪ್ಯಾರಾಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಗಾದರೆ ಇತಿಹಾಸ ಬೇಡವೇ? ಬೇಕು, ಆಯಾ ಜಾಗದ ಪಕ್ಕದಲ್ಲಿ ಬೇಕು. ಚಾಲುಕ್ಯರ ಬಗ್ಗೆ ಒಟ್ಟಿಗೆ ನಾಲ್ಕು ಪ್ಯಾರಾ ಓದಿ ಯಾರೂ ನೆನಪಿಟ್ಟುಕೊಂಡು ಗುಹೆ ಹತ್ತುವುದಿಲ್ಲ. ಮೂರನೆಯ ಗುಹೆಯ ಮಾತು ಬಂದಲ್ಲಿ, ಅಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವಿದೆ ಎನ್ನಿ. ನಾಲ್ಕನೆಯದು ಜೈನ ಗುಹೆ ಎಂದು ಅಲ್ಲಿಯೇ ಹೇಳಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಆ ದೇವಾಲಯಗಳ ಸಮೂಹ 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು – ಇವು ಪಟ್ಟದಕಲ್ಲಿನ ಫೋಟೋದ ಕೆಳಗೆ ಬರಲಿ. ನಾಲ್ಕು ಪ್ಯಾರಾ ಕರಗಿ ಏಳೆಂಟು ಸಾಲಾಗುತ್ತದೆ, ಒಂದೂ ವ್ಯರ್ಥವಾಗುವುದಿಲ್ಲ.

ತಲೆಬರಹಗಳನ್ನು ಇದೇ ಹೊತ್ತಿಗೆ ಸರಿಮಾಡಿ. ಪುಟದ ಹೆಸರಿಗೆ ಎಚ್1, ಪ್ರತಿ ಜಾಗಕ್ಕೆ ಎಚ್2, ಅದರೊಳಗಿನ ಉಪವಿಷಯಕ್ಕೆ ಎಚ್3. ಅಕ್ಷರ ದಪ್ಪ ಕಾಣಲಿ ಎಂಬ ಕಾರಣಕ್ಕೆ ತಲೆಬರಹದ ಟ್ಯಾಗು ಬಳಸಬೇಡಿ. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದಲ್ಲಿ ತಲೆಬರಹದಿಂದ ತಲೆಬರಹಕ್ಕೆ ಜಿಗಿದು ಪುಟವನ್ನು ತಿಳಿಯುತ್ತಾರೆ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಕೊಂಡಿಗಳನ್ನು ‘ಬಾದಾಮಿಯಿಂದ ಐಹೊಳೆಗೆ ದಾರಿ’ ಎಂಬಂತೆ, ಹೋಗುವ ಜಾಗದ ಹೆಸರಿನಲ್ಲೇ ಬರೆಯಿರಿ.

ತಾನಾಗಿ ಸರಿಯುವ ಫೋಟೋಗಳು? ತೋರಿಸುವಾಗ ಎಲ್ಲರೂ ಮೆಚ್ಚುತ್ತಾರೆ, ಬಳಸುವಾಗ ಎರಡನೆಯ ಚಿತ್ರ ಬರುವ ಮೊದಲೇ ಕೆಳಗೆ ಜಾರಿರುತ್ತಾರೆ. ಪುಟದ ತಲೆಯಲ್ಲಿ ಒಂದೇ ಒಳ್ಳೆಯ ಚಿತ್ರ ಇಡಿ, ಉಳಿದವು ಆಯಾ ಜಾಗದ ಪಕ್ಕದಲ್ಲಿ ಬರಲಿ. ಕೊಳಲಿನ ಸಂಗೀತದ ಬಗ್ಗೆ ಚರ್ಚೆಯೇ ಇಲ್ಲ. ಬಸ್ಸಿನಲ್ಲಿ ಕುಳಿತು ಪುಟ ತೆರೆದವರ ಮುಜುಗರ ನೆನೆದು ತೆಗೆಯಿರಿ. ಹೊಸ ಬ್ರೌಸರುಗಳು ಹೇಗೂ ತಾನಾಗಿ ಮೊಳಗುವ ಸದ್ದನ್ನು ಬಹುಮಟ್ಟಿಗೆ ತಡೆಯುತ್ತವೆ.

ಹಂತ 5: ಕನ್ನಡ ಅಕ್ಷರಕ್ಕೆ ಉಸಿರಾಡಲು ಜಾಗ ಕೊಡಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ನೀವು ಬಳಸಿದ ಟೆಂಪ್ಲೇಟು ಇಂಗ್ಲಿಷಿಗೆಂದು ಮಾಡಿದ್ದು. ಗೆಳೆಯರು ‘ಒಂಥರಾ ಒತ್ತೊತ್ತಾಗಿದೆ’ ಎಂದು ಹೇಳಿದ್ದರ ಬೇರು ಬಹುಪಾಲು ಇಲ್ಲೇ ಇರುತ್ತದೆ.

ಮೊದಲನೆಯದು ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ಅಕ್ಷರಗಳಿಗೆ ಕೆಳಗೆ ಇಳಿಯುವುದು ಸಣ್ಣ ಬಾಲ ಮಾತ್ರ. ನಮ್ಮಲ್ಲಿ ಒತ್ತಕ್ಷರ ಪೂರ್ತಿಯಾಗಿ ಕೆಳಗೆ ಕೂರುತ್ತದೆ, ಮೇಲೆ ಗುಡಿಸು, ಏತ್ವಗಳು ಏಳುತ್ತವೆ. ‘ಪಟ್ಟದಕಲ್ಲು’ ಇರುವ ಉದ್ದದ ತಲೆಬರಹ ಎರಡು ಸಾಲಿಗೆ ಒಡೆದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಲೈನ್-ಹೈಟ್ ಬೆಲೆ 1.2 ಎಂದಿದ್ದರೆ ಬದಲಿಸಿ: ಓದುವ ಪಠ್ಯಕ್ಕೆ 1.6ರಿಂದ 1.8, ತಲೆಬರಹಕ್ಕೆ 1.4ರಿಂದ ಮೇಲೆ. ನಿಮ್ಮ ಫಾಂಟಿಗೆ ಯಾವುದು ಸರಿ ಎಂದು ‘ಸ್ತ್ರೀ’, ‘ರಾಷ್ಟ್ರೀಯ’, ‘ಉತ್ಕೃಷ್ಟ’ ಇಂಥ ಪದಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಅವು ಒಂದಕ್ಕೊಂದು ತಾಗದಿದ್ದರೆ ಉಳಿದವು ತಾಗುವುದಿಲ್ಲ.

ಎರಡನೆಯದು ಫಾಂಟು. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ 2 ಮುಂತಾದವು ಉಚಿತವಾಗಿ ಸಿಗುತ್ತವೆ. ಬಾಲೂ ತಮ್ಮ ದಪ್ಪಗೆ ಮುದ್ದಾಗಿದೆ, ತಲೆಬರಹಕ್ಕೆ ಒಪ್ಪುತ್ತದೆ. ಅದರಲ್ಲೇ ಐದು ಪ್ಯಾರಾ ಓದಿಸಿದರೆ ಕಣ್ಣು ಸೋಲುತ್ತದೆ. ಒಂದು ಫಾಂಟು, ಎರಡು ತೂಕ – ಸಾಧಾರಣ ಮತ್ತು ದಪ್ಪ – ಇಷ್ಟರಲ್ಲೇ ಪುಟ ಮುಗಿಯಬೇಕೆಂದು ನಿಯಮ ಹಾಕಿಕೊಳ್ಳಿ. ಅಕ್ಷರದ ಗಾತ್ರ 16 ಪಿಕ್ಸೆಲಿಗಿಂತ ಕಡಿಮೆ ಬೇಡ, 18 ಇದ್ದರೆ ಒಳ್ಳೆಯದು.

ಇಟಾಲಿಕ್ ತೆಗೆಯಿರಿ. ಈ ಕನ್ನಡ ಫಾಂಟುಗಳಲ್ಲಿ ಹೆಚ್ಚಿನವಕ್ಕೆ ಓರೆ ಅಕ್ಷರದ ವಿನ್ಯಾಸ ಇಲ್ಲ. ಬ್ರೌಸರು ನೆಟ್ಟಗಿರುವುದನ್ನೇ ಎಳೆದು ವಾಲಿಸುತ್ತದೆ. ಒತ್ತು ಕೊಡಲು ದಪ್ಪ ಅಕ್ಷರ ಇದೆ. ಲೆಟರ್-ಸ್ಪೇಸಿಂಗ್ ಕೂಡ ಶೂನ್ಯ ಮಾಡಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡುವ ಇಂಗ್ಲಿಷ್ ಶೈಲಿ ಕನ್ನಡದಲ್ಲಿ ಹಲ್ಲು ಉದುರಿದ ಹಾಗೆ ಕಾಣುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಫೋನಿನಲ್ಲಿ ಬೇಡವೇ ಬೇಡ. ನಮ್ಮ ಪದಗಳು ಉದ್ದ, ಸಾಲಿಗೆ ಮೂರೋ ನಾಲ್ಕೋ ಹಿಡಿಯುತ್ತವೆ. ಉಳಿದ ಜಾಗವನ್ನು ಬ್ರೌಸರು ಪದಗಳ ನಡುವೆ ತುಂಬಿ ದೊಡ್ಡ ಕಂಡಿಗಳನ್ನು ಮಾಡುತ್ತದೆ. ‘ಪ್ರವಾಸಿಗರಿಗೊಂದಿಷ್ಟು ಸೂಚನೆಗಳು’ ಎಂಬಂಥ ತಲೆಬರಹ ಸಣ್ಣ ಪರದೆಯಿಂದ ಆಚೆ ಚಾಚಿಕೊಂಡರೆ, ‘ಕೆಲವು ಸೂಚನೆಗಳು’ ಎಂದು ಒಡೆದು ಬರೆಯುವುದು ಸಿಎಸ್‌ಎಸ್ ಹುಡುಕುವುದಕ್ಕಿಂತ ಸುಲಭದ ಪರಿಹಾರ.

ಇನ್ನೆರಡು ಸಣ್ಣ ವಿಷಯ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆಯ ಗುರುತು ಟೆಂಪ್ಲೇಟಿನಲ್ಲಿ ಇಂಗ್ಲಿಷ್ ಎಂದೇ ಉಳಿದಿರುತ್ತದೆ, ಅದನ್ನು ಕನ್ನಡದ ‘ಕೆಎನ್’ ಸಂಕೇತಕ್ಕೆ ಬದಲಿಸಿ. ಇಲ್ಲದಿದ್ದರೆ ಓದಿ ಹೇಳುವ ತಂತ್ರಾಂಶ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ತಪ್ಪಾಗಿ ತಿಳಿಯುತ್ತದೆ. ಮತ್ತೊಂದು, ಯಾರೋ ಕೊಟ್ಟ, ‘ನುಡಿ’ ತಂತ್ರಾಂಶದ ಹಳೆಯ ಕಡತದಿಂದ ಪಠ್ಯ ಅಂಟಿಸಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ, ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಬಹುದು. ಅದು ಯೂನಿಕೋಡ್ ಅಲ್ಲದ ಪಠ್ಯ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಆಮೇಲೆ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿಟ್ಟು ಓದಿ. ಪರಿವರ್ತನೆಯಲ್ಲಿ ಅವೇ ಹೆಚ್ಚು ಕೆಡುವುದು.

ಹಂತ 6: ಬಣ್ಣ – ಒಂದು ಸಲಕ್ಕೆ ಒಂದೇ ಪ್ರಯೋಗ

ಈಗ ಬಣ್ಣಕ್ಕೆ ಬರಬಹುದು. ಬಂಡೆಯ ಕೆಂಗಂದು ಬಣ್ಣವನ್ನು ಆರಿಸಿಕೊಂಡ ಯೋಚನೆ ಒಳ್ಳೆಯದೇ, ಅದನ್ನು ಬಿಟ್ಟುಕೊಡಬೇಡಿ. ಅದು ಇರುವ ಜಾಗ ತಪ್ಪಿದೆ, ಅಷ್ಟೆ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ವ್ಯತ್ಯಾಸಕ್ಕೆ ಒಂದು ಅಳತೆ ಇದೆ. ಬಿಳಿಯ ಮೇಲೆ ಕಪ್ಪು 21:1, ಅದೇ ಗರಿಷ್ಠ. ಡಬ್ಲ್ಯು3ಸಿ ಸಂಸ್ಥೆಯ ಸುಗಮ್ಯತೆಯ ಮಾರ್ಗಸೂಚಿ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕೆನ್ನುತ್ತದೆ. ಬಿಳಿಯ ಮೇಲೆ ಅಚ್ಚ ಕೆಂಪು ಅಕ್ಷರ ಎಲ್ಲರಿಗೂ ಢಾಳಾಗಿ ಕಾಣುತ್ತದೆ ಎಂದುಕೊಳ್ಳುತ್ತೇವೆ, ಅದು ಬರುವುದು 4:1ರ ಹತ್ತಿರ. ಸಣ್ಣ ಅಕ್ಷರಕ್ಕೆ ಸಾಲದು. ಕಿತ್ತಳೆ ಬಣ್ಣ 2:1ಕ್ಕೂ ತುಸು ಕಡಿಮೆ. ಕೆಂಗಂದಿನ ಮೇಲಿನ ಕೇಸರಿಯ ಗತಿ ಏನೆಂದು ಇದರಿಂದಲೇ ಊಹಿಸಬಹುದು.

ಅಳೆಯುವುದು ಸುಲಭ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಅಕ್ಷರವನ್ನು ಆರಿಸಿ, ಬಣ್ಣದ ಚೌಕದ ಮೇಲೆ ಕ್ಲಿಕ್ಕಿಸಿದರೆ ಅನುಪಾತ ಅಲ್ಲೇ ಕಾಣುತ್ತದೆ. ಅಲ್ಲಿ ಬದಲಿಸಿ ನೋಡಿದ್ದು ಫೈಲಿಗೆ ಸೇರುವುದಿಲ್ಲ, ಪುಟ ಮರುತೆರೆದರೆ ಹಳೆಯದೇ ಬರುತ್ತದೆ. ಆದ್ದರಿಂದ ಧೈರ್ಯವಾಗಿ ಆಡಿ. ಒಪ್ಪಿದ ಮೇಲೆ ಸಿಎಸ್‌ಎಸ್ ಫೈಲಿನ ತಲೆಯಲ್ಲಿ ನಾಲ್ಕೇ ಬಣ್ಣಗಳನ್ನು ವೇರಿಯಬಲ್‌ಗಳಾಗಿ ಬರೆದಿಡಿ: ಹಿನ್ನೆಲೆ, ಪಠ್ಯ, ಕೊಂಡಿ, ಒಡವೆಯಂತೆ ಅಲ್ಲಲ್ಲಿ ಬಳಸುವ ಇನ್ನೊಂದು. ನಮ್ಮ ಪುಟದಲ್ಲಿ ಹಿನ್ನೆಲೆ ಕೆನೆಬಿಳಿ, ಪಠ್ಯ ಕಪ್ಪಿಗೆ ಹತ್ತಿರದ ಕಂದು. ಬಂಡೆಯ ಬಣ್ಣ ಮೇಲಿನ ಪಟ್ಟಿಗೆ ಮತ್ತು ತಲೆಬರಹದ ಅಡಿಗೆರೆಗೆ. ಮುಂದೆ ಬದಲಿಸಬೇಕೆಂದರೆ ಒಂದು ಸಾಲು ತಿದ್ದಿದರೆ ಪುಟವೆಲ್ಲ ಬದಲಾಗುತ್ತದೆ.

ಬಣ್ಣ, ಗಾತ್ರ, ಜೋಡಣೆ ಮೂರನ್ನೂ ಒಂದೇ ಏಟಿಗೆ ಬದಲಿಸಿ ಗೆಳೆಯರಿಗೆ ತೋರಿಸಿದರೆ ‘ಈಗ ಪರವಾಗಿಲ್ಲ’ ಎನ್ನುತ್ತಾರೆ. ಯಾವುದರಿಂದ ಪರವಾಗಿಲ್ಲವಾಯಿತು ಎಂದು ಅವರಿಗೂ ತಿಳಿಯದು, ನಿಮಗೂ ತಿಳಿಯದು. ಅನುಮಾನವಿದ್ದಲ್ಲಿ ಎರಡು ನಕಲು ಮಾಡಿ, ಒಂದೇ ಒಂದು ವ್ಯತ್ಯಾಸ ಇರಿಸಿ, ಇಬ್ಬರು ಬೇರೆ ಬೇರೆಯವರಿಗೆ ಒಂದೇ ಕೆಲಸ ಕೊಡಿ. ಕೊನೆಗೆ ಫೋನು ಹಿಡಿದು ಮಟಮಟ ಮಧ್ಯಾಹ್ನದ ಬಿಸಿಲಿಗೆ ಹೋಗಿ ನಿಂತು ಓದಿ. ಬಾದಾಮಿಗೆ ಹೋದವರು ಈ ಪುಟವನ್ನು ಎಸಿ ಲ್ಯಾಬಿನಲ್ಲಿ ಕುಳಿತು ಓದುವುದಿಲ್ಲ.

ಹಂತ 7: ಫೋನು ಮತ್ತು ತೂಕ

ಏನೂ ಹೇಳದೆ ಎದ್ದುಹೋದ ಗೆಳೆಯನ ಸಂಗತಿ ಇಲ್ಲಿ ಬಿಡಿಸಿಕೊಳ್ಳುತ್ತದೆ. ಈಗಿನ ಫೋನಿನ ಕ್ಯಾಮೆರಾದ ಒಂದು ಚಿತ್ರ ಸುಲಭವಾಗಿ 4 ಎಂಬಿ ಇರುತ್ತದೆ, ಅಗಲ 4000 ಪಿಕ್ಸೆಲ್. ಎಂಟು ಚಿತ್ರ ಎಂದರೆ 32 ಎಂಬಿ. ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅಷ್ಟು ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಅದೇ ಚಿತ್ರಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ರೂಪದಲ್ಲಿ ಒಂದೊಂದು 150 ಕೆಬಿಯ ಆಸುಪಾಸಿಗೆ ತಂದು ಐದೇ ಇಟ್ಟರೆ ಒಟ್ಟು ಒಂದು ಎಂಬಿಯೂ ಆಗುವುದಿಲ್ಲ, ಮೂರು ಸೆಕೆಂಡಿನಲ್ಲಿ ಬಂದು ನಿಲ್ಲುತ್ತವೆ. ಸಿಎಸ್‌ಎಸ್‌ನಲ್ಲಿ ಅಗಲ ಕಡಿಮೆ ಮಾಡಿದರೆ ಫೈಲಿನ ತೂಕ ಕಡಿಮೆಯಾಗುವುದಿಲ್ಲ. ದೊಡ್ಡದನ್ನೇ ಪೂರ್ತಿ ಇಳಿಸಿಕೊಂಡು ಚಿಕ್ಕದಾಗಿ ತೋರಿಸುತ್ತದೆ. ಚಿತ್ರವನ್ನೇ ಕುಗ್ಗಿಸಬೇಕು. ಸ್ಕ್ವೂಶ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡಿಕೊಡುತ್ತದೆ.

ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ ಬರೆಯಿರಿ. ‘ಚಿತ್ರ 3’ ಎಂದಲ್ಲ. ‘ಅಗಸ್ತ್ಯ ತೀರ್ಥದ ಆಚೆ ದಡದಲ್ಲಿ ಭೂತನಾಥ ಗುಡಿ’ ಎಂದು. ಅಗಲ ಎತ್ತರಗಳನ್ನೂ ಟ್ಯಾಗಿನಲ್ಲೇ ಕೊಟ್ಟರೆ ಚಿತ್ರ ಬರುವ ಮೊದಲೇ ಬ್ರೌಸರು ಜಾಗ ಕಾದಿರಿಸುತ್ತದೆ, ಓದುತ್ತಿದ್ದ ಸಾಲು ದಿಢೀರನೆ ಕೆಳಗೆ ಹಾರುವುದಿಲ್ಲ.

ಕ್ರೋಮ್‌ನ ಅದೇ ಎಫ್12 ಕಿಟಕಿಯಲ್ಲಿ ಕಂಟ್ರೋಲ್, ಶಿಫ್ಟ್, ಎಂ ಒಟ್ಟಿಗೆ ಒತ್ತಿದರೆ ಫೋನಿನ ಅಗಲದಲ್ಲಿ ಪುಟ ಕಾಣುತ್ತದೆ. 360 ಪಿಕ್ಸೆಲ್ ಅಗಲದಲ್ಲಿ ಪಕ್ಕಕ್ಕೆ ಜಾರಿಸಬೇಕಾಗಿ ಬಂದರೆ ಏನೋ ಒಂದು ಚಾಚಿಕೊಂಡಿದೆ, ಹುಡುಕಿ. ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದಿದ್ದರೆ ಪುಟವೇ ಇರುವೆಯಷ್ಟಾಗಿ ಕಾಣುತ್ತದೆ. ಬೆರಳಿನಿಂದ ಒತ್ತುವ ಗುಂಡಿ, ಕೊಂಡಿಗಳು ಕನಿಷ್ಠ 24 ಪಿಕ್ಸೆಲ್ ಎತ್ತರ ಅಗಲ ಇರಲಿ ಎಂದು ಡಬ್ಲ್ಯು3ಸಿ ಸುಗಮ್ಯತೆಯ ಮಾರ್ಗಸೂಚಿಯ 2023ರ ಆವೃತ್ತಿ ಹೇಳುತ್ತದೆ. ನಾನಾದರೆ 44 ಕೊಡುತ್ತೇನೆ. ನಿಜವಾದ ಫೋನಿನಲ್ಲಿ, ಅದೂ ಹಳೆಯ ಒಂದು ಫೋನಿನಲ್ಲಿ, ವೈಫೈ ಆರಿಸಿ ನೋಡುವುದಕ್ಕೆ ಮಾತ್ರ ಯಾವ ಸಾಧನವೂ ಸಾಟಿಯಲ್ಲ.

ಹಂತ 8: ಮತ್ತೆ ತೋರಿಸಿ, ತಿದ್ದಿದ್ದನ್ನು ಬರೆದಿಡಿ

ಬಸ್ಸಿನ ವಿಷಯ ಸಿಗಲಿಲ್ಲ ಎಂದವಳಿಗೆ ಮತ್ತೊಮ್ಮೆ ಕೊಡಿ, ಜೊತೆಗೆ ಪುಟವನ್ನು ನೋಡಿಯೇ ಇರದ ಇಬ್ಬರಿಗೂ ಕೊಡಿ. ಹಳಬಳಿಗೆ ಪುಟದ ಜಾಡು ಗೊತ್ತಾಗಿರುತ್ತದೆ, ಆದ್ದರಿಂದ ಹೊಸಬರ ಮಾತಿಗೆ ಹೆಚ್ಚು ಬೆಲೆ. ಕೆಲಸ ಮೊದಲಿನದೇ ಇರಲಿ. ಮೊದಲ ಸಲ ತೊಡಕಾಗಿದ್ದ ಜಾಗದಲ್ಲಿ ಬೆರಳು ನಿಲ್ಲದೆ ಮುಂದೆ ಹೋದರೆ ಆ ತಿದ್ದುಪಡಿ ಗೆದ್ದಿತು. ಹೊಸ ತೊಡಕು ಕಂಡರೆ ಮತ್ತೆ ಹಂತ 3ಕ್ಕೆ.

ಪ್ರಾಜೆಕ್ಟಿನ ಜೊತೆ ಒಂದು ಪುಟದ ಟಿಪ್ಪಣಿ ಸಲ್ಲಿಸಿ. ಪ್ರತಿ ಬದಲಾವಣೆಗೂ ಮೂರು ಸಂಗತಿ: ಮೊದಲು ಏನಿತ್ತು, ಯಾವ ಮಾತು ಅಥವಾ ಪ್ರಯೋಗ ಅದನ್ನು ಬದಲಿಸಿತು, ಈಗ ಏನಿದೆ. ಉದಾಹರಣೆಗೆ: ‘ದಾರಿಯ ವಿವರ ಪುಟದ ಕೊನೆಯಲ್ಲಿತ್ತು. ಐವರಲ್ಲಿ ಮೂವರಿಗೆ ಅದು ಸಿಗಲಿಲ್ಲ. ಈಗ ಮೊದಲ ಚಿತ್ರದ ಕೆಳಗೇ ಇದೆ. ಎರಡನೆಯ ಸಲ ಎಲ್ಲರೂ ಕಂಡುಕೊಂಡರು.’ ಅಂಕಿಗಳು ನಿಮ್ಮ ಹಾಳೆಯಿಂದಲೇ ಬರಲಿ, ಊಹೆಯಿಂದಲ್ಲ.

ಒಪ್ಪದ ಸಲಹೆಗಳಿಗೂ ಅಲ್ಲೇ ಒಂದು ಜಾಗ ಕೊಡಿ. ‘ಹಿನ್ನೆಲೆ ನೀಲಿ ಮಾಡಲು ಸೂಚಿಸಿದ್ದರು. ಅಕ್ಷರ ಕಾಣದಿದ್ದುದೇ ಕಾರಣ ಎಂದು ತಿಳಿದು ಬಣ್ಣಗಳ ಅನುಪಾತ ಸರಿಪಡಿಸಿದೆ. ನೀಲಿ ಮಾಡಲಿಲ್ಲ, ಏಕೆಂದರೆ ಪುಟ ಬಂಡೆಯ ಊರಿನದು.’ ಪಾಠ ಹೇಳುವವರು ಹೆಚ್ಚು ಆಸಕ್ತಿಯಿಂದ ಓದುವುದು ಇಂಥ ಸಾಲುಗಳನ್ನೇ. ಸಲಹೆ ಕೊಟ್ಟವನಿಗೂ ಅದನ್ನು ತೋರಿಸಿ. ತನ್ನ ಮಾತು ಎಲ್ಲಿ ಹೋಯಿತು ಎಂದು ತಿಳಿದವನು ಮುಂದಿನ ಸಲವೂ ಮನಸ್ಸಿಟ್ಟು ನೋಡುತ್ತಾನೆ.

ಸಲ್ಲಿಸುವ ಮೊದಲು ಪ್ರಯೋಗಗಳ ಉಳಿಕೆ ಗುಡಿಸಿ: ಬಳಸದ ಸಿಎಸ್‌ಎಸ್ ಸಾಲುಗಳು, ಕಾಮೆಂಟ್ ಮಾಡಿ ಬಿಟ್ಟ ಸ್ಲೈಡ್ ಶೋ, ಎಲ್ಲೂ ಕಾಣಿಸದ ಮೂರು ಫಾಂಟುಗಳು, ಕುಗ್ಗಿಸದೆ ಉಳಿದ ದೊಡ್ಡ ಚಿತ್ರಗಳು. ಡಬ್ಲ್ಯು3ಸಿ ಒದಗಿಸುವ ಪರಿಶೀಲಕದಲ್ಲಿ ಎಚ್‌ಟಿಎಂಎಲ್ ಹಾಕಿ ಮುಚ್ಚದೆ ಬಿಟ್ಟ ಟ್ಯಾಗುಗಳನ್ನು ಮುಚ್ಚಿ. ಪುಟದ ಬುಡದಲ್ಲಿ ಕೊನೆಯ ಬಾರಿ ತಿದ್ದಿದ ದಿನಾಂಕವನ್ನು, ಬಸ್ಸಿನ ವೇಳೆಯನ್ನು ಹೊರಡುವ ಮೊದಲು ನಿಲ್ದಾಣದಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ ಎಂಬ ಸಾಲನ್ನು ಸೇರಿಸಿ ಕಳುಹಿಸಿ.